ಮುಂಬಯಿಯ ಒಂದು ಇಗರ್ಜಿ ಶಾಲೆ ಬಾಗಿಲು ಹಾಕಿದ ರೀತಿ: ಐದರಲ್ಲಿ ಎರಡೂವರೆ

ಪಶ್ಚಿಮ ಉಪನಗರದ ಈ ಇಗರ್ಜಿ (ಚರ್ಚ್) ಶಾಲೆಯಲ್ಲಿ ಪಾಠ ಹೇಗಿತ್ತು ಎಂದು ಬರೆಯುವ ಕಾಲ ಮುಗಿದಿದೆ. ದುಡ್ಡು ಸಾಲದೆ ಶಾಲೆ ಮುಚ್ಚಿತು. ಹೇಗೆ ಮುಚ್ಚಿದರು ಎಂಬುದಕ್ಕೆ ಮಾತ್ರ ಈಗ ಅಂಕ ಹಾಕಬಹುದು. ಲೆಕ್ಕ ತೆರೆದಿಟ್ಟದ್ದಕ್ಕೆ ನಾಲ್ಕು, ಸುದ್ದಿ ತಿಳಿಸಿದ್ದಕ್ಕೆ ಎರಡು, ಆಫೀಸಿನ ಕಾಗದಪತ್ರಕ್ಕೆ ಒಂದೂವರೆ.

ನಷ್ಟ ನಿಜವೇ. ಅನುದಾನಿತ ವಿಭಾಗದಲ್ಲಿ ಮಂಜೂರಾದ ಹುದ್ದೆಗಳಿಗೆ ಸರ್ಕಾರ ಸಂಬಳ ಕೊಡುತ್ತದೆ, ಆದರೆ ಹುದ್ದೆ ಎಷ್ಟು ಎಂದು ತೀರ್ಮಾನಿಸುವುದು ಸಂಚ್ ಮಾನ್ಯತೆ, ಅಂದರೆ ಮಕ್ಕಳ ಲೆಕ್ಕ ನೋಡಿ ಶಿಕ್ಷಣ ಇಲಾಖೆ ಕೊಡುವ ಸಿಬ್ಬಂದಿ ಮಂಜೂರಾತಿ. ಮಕ್ಕಳ ಸಂಖ್ಯೆ ಇಳಿದರೆ ಹುದ್ದೆಯೂ ಇಳಿಯುತ್ತದೆ. ಅನುದಾನವಿಲ್ಲದ ಕೆಜಿ, ಪ್ರಾಥಮಿಕಕ್ಕೆ ಫೀಯೇ ಗತಿ. ತಿಂಗಳಿಗೆ 1,200 ರೂಪಾಯಿ, ತರಗತಿಯಲ್ಲಿ 28 ಮಕ್ಕಳು ಎಂದುಕೊಳ್ಳಿ, 33,600 ಆಯಿತು. ಟೀಚರ ಸಂಬಳ, ಪಿಎಫ್, ಆಯಾ, ಕರೆಂಟು ಎಲ್ಲ ಅಷ್ಟರಲ್ಲೇ ಆಗಬೇಕು, ಅದೂ ರಜೆಯ ತಿಂಗಳೂ ಸೇರಿ. ಇದರ ಮೇಲೆ ಕಟ್ಟಡಕ್ಕೆ 30 ವರ್ಷ ದಾಟಿದರೆ ಪಾಲಿಕೆ ಕಾನೂನಿನ ಪ್ರಕಾರ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯ. ಆಡಿಟ್ ಹೇಳಿದ ರಿಪೇರಿಯ ಬಿಲ್ಲು ಬರುವುದು ಶಾಲೆ ನಡೆಸುವ ಧರ್ಮಕೇಂದ್ರದ (ಪ್ಯಾರಿಷ್) ಮೇಲೆ. ಫಾದರ್ ಒಬ್ಬರೇ ಕೂತು ತೀರ್ಮಾನಿಸಿದರು ಎಂದು ಬೈಯುವವರು ತಿಳಿದುಕೊಳ್ಳಬೇಕಾದ್ದಿದೆ: ಕ್ಯಾಥೊಲಿಕ್ ಸಭೆಯ 1983ರ ಕ್ಯಾನನ್ ಕಾನೂನಿನಂತೆ ಪ್ರತಿ ಧರ್ಮಕೇಂದ್ರಕ್ಕೂ ಒಂದು ಹಣಕಾಸು ಸಮಿತಿ ಇರಲೇಬೇಕು. ಇಲ್ಲಿ ಆ ಸಮಿತಿಯವರೇ ಪಾಲಕರ ಸಭೆಗೆ ಬಂದು ಆದಾಯ, ಖರ್ಚನ್ನು ಬೋರ್ಡಿನ ಮೇಲೆ ಬರೆದು ತೋರಿಸಿದರು. ಇಷ್ಟು ಮಾಡುವ ಶಾಲೆಗಳು ಕಡಿಮೆ. ಹತ್ತನೆಯವರನ್ನು ನಡುವೆ ಎಬ್ಬಿಸದೆ ಪರೀಕ್ಷೆ ಬರೆಸಿದ ಮೇಲೆಯೇ ಬೀಗ ಹಾಕಿದ್ದೂ ಸರಿಯಾದ ಕೆಲಸ.

ಎಡವಿದ್ದು ಸುದ್ದಿ ಮುಟ್ಟಿಸುವುದರಲ್ಲಿ. ಮೊದಲ ಪ್ರಕಟಣೆ ಭಾನುವಾರದ ಪೂಜೆಯಲ್ಲಿ, ಆಮೇಲೆ ಇಗರ್ಜಿಯ ಪತ್ರಿಕೆಯಲ್ಲಿ. ಶಾಲೆಯ ಮಕ್ಕಳಲ್ಲಿ ಎಷ್ಟೋ ಮಂದಿ ಹೋಟೆಲು, ಕ್ಯಾಂಟೀನಿನಲ್ಲಿ ದುಡಿಯುವ ನಮ್ಮ ಉಡುಪಿ, ಕುಂದಾಪುರದ ಕಡೆಯವರ ಮಕ್ಕಳು. ಅವರ ಅಪ್ಪ ಅಮ್ಮ ಪೂಜೆಗೆ ಹೋಗುವವರಲ್ಲ. ಅವರ ಕೈಗೆ ಇಂಗ್ಲಿಷಿನ ಸರ್ಕ್ಯುಲರ್ ಸಿಕ್ಕಿದ್ದು ಫೆಬ್ರವರಿಯಲ್ಲಿ. ಜೂನ್ ಪ್ರವೇಶದ ಫಾರ್ಮುಗಳನ್ನು ಮುಂಬಯಿಯ ಬಹಳಷ್ಟು ಶಾಲೆಗಳು ಹೊಸ ವರ್ಷದ ಹೊತ್ತಿಗೇ ಕೊಟ್ಟು ಮುಗಿಸಿರುತ್ತವೆ. ಎರಡು ತಿಂಗಳು ಮುಂಚೆ ಹಿಂದಿಯಲ್ಲೋ ಮರಾಠಿಯಲ್ಲೋ ಒಂದು ಚೀಟಿ ಕೊಟ್ಟಿದ್ದರೆ ಅರ್ಧ ಗಲಾಟೆ ಇರುತ್ತಿರಲಿಲ್ಲ.

ಇನ್ನು ಎಲ್‌ಸಿ. ಕೊನೆಯ ವಾರದಲ್ಲಿ ಇಡೀ ಶಾಲೆಯ ಲೀವಿಂಗ್ ಸರ್ಟಿಫಿಕೇಟು ಒಬ್ಬ ಕ್ಲರ್ಕ್ ಬರೆದರೆ ತಪ್ಪು ಆಗಿಯೇ ಆಗುತ್ತದೆ. ಎಲ್‌ಸಿ ಎಂದರೆ ಜನರಲ್ ರಿಜಿಸ್ಟರಿನ (ಶಾಲೆಗೆ ಸೇರಿದ ಮಕ್ಕಳ ವಿವರ ಬರೆದಿಡುವ ಪುಸ್ತಕ) ನಕಲು. ರಿಜಿಸ್ಟರಿನಲ್ಲಿ ಇದ್ದದ್ದೇ ಅದರಲ್ಲಿ ಬರುತ್ತದೆ. ಮಗು ಶಾಲೆಯಲ್ಲಿ ಇರುವಾಗಲೇ ದಾಖಲೆ ತೋರಿಸಿ, ಶಿಕ್ಷಣ ಇಲಾಖೆಯ ಒಪ್ಪಿಗೆ ಪಡೆದು ರಿಜಿಸ್ಟರ್ ತಿದ್ದಿಸಬಹುದು. ಬಿಟ್ಟ ಮೇಲೆ ಬಲು ಕಷ್ಟ. ನಮ್ಮವರಿಗೆ ಹೆಚ್ಚು ಏಟು ಬೀಳುವುದು ಅಡ್ಡಹೆಸರಿನಲ್ಲಿ. ಆಧಾರಿನಲ್ಲಿ ‘ಪೂಜಾರಿ’ಗೆ ಎರಡು ಓ, ಕೊನೆಗೆ ವೈ; ಮರಾಠಿ ರೂಢಿಯ ಕ್ಲರ್ಕ್ ಒಂದು ಯು, ಕೊನೆಗೆ ಐ ಹಾಕಿರುತ್ತಾರೆ. ಹುಟ್ಟೂರಿನ ಜಾಗದಲ್ಲಿ ತಾಲೂಕು, ಜಿಲ್ಲೆ ಬಿಟ್ಟು ಬರೀ ‘ಕರ್ನಾಟಕ’. ಜಾತಿಯ ಕಾಲಂ ಖಾಲಿ ಬಿಟ್ಟರೆ ಮುಂದೆ ಜಾತಿ ಪ್ರಮಾಣಪತ್ರಕ್ಕೆ ಅಲೆಯಬೇಕಾಗುತ್ತದೆ. ಜನ್ಮದಿನ ಅಂಕಿಯಲ್ಲೂ ಅಕ್ಷರದಲ್ಲೂ ಒಂದೇ ಇದೆಯೇ, ರಿಜಿಸ್ಟರ್ ನಂಬರು, ತಾಯಿಯ ಹೆಸರು, ಬಿಟ್ಟ ತಾರೀಕು ಸರಿಯಿದೆಯೇ ಎಂದು ಕೌಂಟರಿನಲ್ಲೇ ನಿಂತು ಓದಿ. ಹಿಂದಿನ ಸಾಲು ಎಷ್ಟೇ ಗೊಣಗಲಿ.

ಬಾಕಿ ಫೀ ಇದೆ ಎಂದು ಎಲ್‌ಸಿ ಹಿಡಿದಿಟ್ಟುಕೊಂಡರು ಎಂಬ ದೂರೂ ಇತ್ತು. ಎಂಟನೆಯ ತರಗತಿಯವರೆಗೆ ಇದಕ್ಕೆ ಹೆದರಬೇಕಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009ರ 5ನೇ ಕಲಮು ಓದಿ: ಎಲ್‌ಸಿ ತಡವಾಯಿತೆಂದು ಸರ್ಕಾರಿ, ಅನುದಾನಿತ ಶಾಲೆ ಪ್ರವೇಶ ತಡೆಯುವಂತಿಲ್ಲ.

ಕಾಗದ ಸಿಕ್ಕಿತೆಂದು ಕೆಲಸ ಮುಗಿಯಲಿಲ್ಲ. ದೇಶದ ಶಾಲೆ, ಮಕ್ಕಳ ದಾಖಲೆ ಇರುವ ಸರ್ಕಾರದ ಯುಡೈಸ್ ಪೋರ್ಟಲಿನಲ್ಲಿ ಹಳೆಯ ಶಾಲೆ ಮಗುವನ್ನು ಡ್ರಾಪ್‌ಬಾಕ್ಸಿಗೆ (ಶಾಲೆ ಬಿಟ್ಟವರ ಪಟ್ಟಿ) ಹಾಕಬೇಕು. ಆಮೇಲೆ ಹೊಸ ಶಾಲೆ ಪೆನ್ ನಂಬರು (ಆ ಪೋರ್ಟಲಿನಲ್ಲಿ ಮಗುವಿಗಿರುವ ಖಾಯಂ ಸಂಖ್ಯೆ), ಜನ್ಮದಿನ ಕೊಟ್ಟು ಎಳೆದುಕೊಳ್ಳುತ್ತದೆ. ಇಲ್ಲಿ ಕ್ಲರ್ಕ್ ಎಷ್ಟೋ ಮಕ್ಕಳನ್ನು ಹಾಗೆಯೇ ಬಿಟ್ಟಿದ್ದರು. ಶಾಲೆಗೇ ಬೀಗ ಬಿದ್ದ ಮೇಲೆ ಲಾಗಿನ್ ತೆರೆಯುವವರು ಯಾರು? ಪೆನ್ ನಂಬರು ಬರೆಸಿಕೊಂಡು, ಡ್ರಾಪ್‌ಬಾಕ್ಸಿಗೆ ಹಾಕಿದ ಸ್ಕ್ರೀನನ್ನು ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳಿ. ಊರಿನ ಶಾಲೆಗೆ ಸೇರಿಸುವವರು ಎಲ್‌ಸಿಗೆ ಇಲ್ಲಿಯ ಶಿಕ್ಷಣಾಧಿಕಾರಿಯ ಮೇಲುಸಹಿ ಹಾಕಿಸಿಕೊಂಡೇ ರೈಲು ಹತ್ತುವುದು ಒಳ್ಳೆಯದು. ಮಂಗಳೂರಿನಿಂದ ಇದಕ್ಕೆಂದೇ ಮರಳಿ ಬರುವುದು ದುಬಾರಿ.

ಟೀಚರುಗಳ ವಿಷಯದಲ್ಲಿ ಆಡಳಿತದವರು ಮುಗ್ಗರಿಸಲಿಲ್ಲ. ಖಾಯಂ ನೌಕರರಿಗೆ ಮಹಾರಾಷ್ಟ್ರದ 1981ರ ಖಾಸಗಿ ಶಾಲಾ ನೌಕರರ ನಿಯಮ ಹೇಳುವ ಮೂರು ತಿಂಗಳ ಮುನ್ಸೂಚನೆ ಸಿಕ್ಕಿತು. ಅನುದಾನವಿಲ್ಲದ ವಿಭಾಗದವರಿಗೆ ಗ್ರಾಚ್ಯುಟಿಯನ್ನು (ಕೆಲಸ ಬಿಡುವಾಗ ಸಿಗುವ ಇಡುಗಂಟು) ಆಡಳಿತವೇ ಕೊಡಬೇಕು. ಶಿಕ್ಷಕರಿಗೆ ಅದು ಸಲ್ಲುತ್ತದೆ ಎಂದು 2022ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿದಿದೆ. ಕೊನೆಯ ಮೂಲ ವೇತನ, ಡಿಎ ಸೇರಿ 40,000, ಸೇವೆ 22 ವರ್ಷ ಆದರೆ, 26ರಿಂದ ಭಾಗಿಸಿ 15ರಿಂದಲೂ 22ರಿಂದಲೂ ಗುಣಿಸಿ: ಸುಮಾರು 5,07,692 ರೂಪಾಯಿ. ಮುಚ್ಚುವ ಖರ್ಚಿನಲ್ಲಿ ಇದನ್ನು ಮೊದಲೇ ಎತ್ತಿಡದ ಶಾಲೆಗಳು ಕೋರ್ಟು ಹತ್ತುತ್ತವೆ. ಇವರು ಎತ್ತಿಟ್ಟಿದ್ದರು.

ಮುಂದೆ ಡುಪ್ಲಿಕೇಟ್ ಎಲ್‌ಸಿ ಬೇಕಾದರೆ ರಿಜಿಸ್ಟರುಗಳು ಎಲ್ಲಿ ಸಿಗುತ್ತವೆ ಎಂಬುದನ್ನು ಎಲ್‌ಸಿಯ ಹಿಂದೆಯೇ ಸೀಲು ಹೊಡೆದು ಕೊಡಬಹುದಿತ್ತು. ಕೊಟ್ಟಿಲ್ಲ. ವಿಳಾಸ ಬರೆದ ಕಾಗದವನ್ನು ಗೇಟಿಗೆ ಅಂಟಿಸಿದ್ದರು, ಜೂನಿನ ಮೊದಲ ಮಳೆಗೆ ಅದು ಕಿತ್ತುಹೋಯಿತು.