ಡಬ್ಬಿಯ ಹಿಂದೊಂದು, ಕರಪತ್ರದಲ್ಲೊಂದು: ಕರ್ಕ್ಯುಮಿನ್ ಕ್ಯಾಪ್ಸೂಲ್

ಬಡಾವಣೆಯ ಔಷಧಿ ಅಂಗಡಿಯಲ್ಲಿ ಅಕ್ಕನಿಗೆಂದು ಕೊಂಡ ಈ ಡಬ್ಬಿಯಲ್ಲಿ 60 ಕ್ಯಾಪ್ಸೂಲುಗಳಿದ್ದು, ಒಂದೊಂದರಲ್ಲೂ 500 ಮಿಲಿಗ್ರಾಂ ಅರಿಶಿನದ ಸಾರ ಮತ್ತು 5 ಮಿಲಿಗ್ರಾಂ ಪೈಪರೀನ್ ಇವೆ. ಜೊತೆಗೆ ಬಂದ ಕರಪತ್ರ ‘ಕ್ಯಾನ್ಸರ್ ಬಾರದಂತೆ ತಡೆಯುತ್ತದೆ’ ಎಂದು ದಪ್ಪ ಅಕ್ಷರದಲ್ಲಿ ಸಾರಿದರೆ, ಕಾನೂನಿನಂತೆ ಇರಲೇಬೇಕಾದ ‘ಔಷಧೀಯ ಬಳಕೆಗಲ್ಲ’ ಎಂಬ ಸಾಲು ಡಬ್ಬಿಯ ಹಿಂಬದಿಯಲ್ಲಿ ಸಣ್ಣದಾಗಿ ಅಡಗಿದೆ.

ತಯಾರಿಕೆಯ ಬಗ್ಗೆ ನನ್ನ ದೂರಿಲ್ಲ. ಅಡುಗೆಮನೆಯ ಅರಿಶಿನದ ಪುಡಿಯಲ್ಲಿ, ಅದಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು 3 ಪಾಲು ಮಾತ್ರ. ಅದರಲ್ಲೂ ಕರುಳಿನಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ. ಕಾಳುಮೆಣಸಿನ ಪೈಪರೀನ್ ಬೆರೆಸಿರುವುದು ಈ ಕೊರತೆ ನೀಗಲೆಂದೇ. 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರೀನ್ ಕೊಟ್ಟರೆ ಮನುಷ್ಯರ ರಕ್ತದಲ್ಲಿ ಅದರ ಲಭ್ಯತೆ ಶೇ. 2000ರಷ್ಟು ಹೆಚ್ಚುತ್ತದೆಂದು 1998ರಲ್ಲಿ ತೋರಿಸಿಕೊಟ್ಟವರು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರೇ. ಕರಪತ್ರವೂ ಈ ಅಂಕಿಯನ್ನು ಹೆಮ್ಮೆಯಿಂದ ಮುದ್ರಿಸಿದೆ. ಆದರೆ ಆ ಪ್ರಯೋಗ ಅಳೆದದ್ದು ರಕ್ತಕ್ಕೆ ಸೇರಿದ ಪ್ರಮಾಣವನ್ನೇ ಹೊರತು ಕ್ಯಾನ್ಸರ್ ತಗ್ಗಿತೇ ಎಂಬುದನ್ನಲ್ಲ.

‘ತಡೆಯುತ್ತದೆ’ ಎನ್ನಲು ಎಂಥ ಪುರಾವೆ ಬೇಕೆಂಬುದಕ್ಕೆ ಸ್ತನ ಕ್ಯಾನ್ಸರಿಗೆ ಕೊಡುವ ಟ್ಯಾಮಾಕ್ಸಿಫೆನ್ ಮಾತ್ರೆ ಉದಾಹರಣೆ: ಅಪಾಯ ಹೆಚ್ಚಿದ್ದ 13,000ಕ್ಕೂ ಮಿಕ್ಕ ಮಹಿಳೆಯರ ಮೇಲೆ ಉತ್ತರ ಅಮೆರಿಕದಲ್ಲಿ ನಡೆದು 1998ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದು ಸ್ತನ ಕ್ಯಾನ್ಸರನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸಿತು, ಜೊತೆಗೆ ಗರ್ಭಕೋಶದ ಕ್ಯಾನ್ಸರ್ ಮತ್ತು ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಹೆಚ್ಚಿಸಿತು. ಇನ್ನು ‘ನೈಸರ್ಗಿಕ, ಆದ್ದರಿಂದ ನಿರಪಾಯ’ ಎಂಬ ವಾದ. ಗಜ್ಜರಿಗೆ ಬಣ್ಣ ಕೊಡುವ ಬೀಟಾ ಕ್ಯಾರೋಟಿನನ್ನು ದಿನಕ್ಕೆ 20 ಮಿಲಿಗ್ರಾಂನಂತೆ ಫಿನ್ಲೆಂಡಿನ ಧೂಮಪಾನಿಗಳಿಗೆ ವರ್ಷಗಟ್ಟಲೆ ಕೊಟ್ಟು ನೋಡಿದಾಗ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಏರಿತ್ತೆಂದು 1994ರಲ್ಲೇ ಬಯಲಾಗಿದೆ.

ಅಕ್ಕ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ನಂತರ ಟ್ಯಾಮಾಕ್ಸಿಫೆನ್ ನುಂಗುತ್ತಿದ್ದಾಳೆ. ತಪಾಸಣೆಗೆ ಹೋದಾಗ ವೈದ್ಯರು ಡಬ್ಬಿಯನ್ನು ತಿರುಗಿಸಿ ನೋಡಿ, ಪೈಪರೀನ್ ಬೆರೆತ ಕರ್ಕ್ಯುಮಿನ್ ಆ ಮಾತ್ರೆಯ ಕ್ರಿಯಾಶೀಲ ರೂಪದ ಪ್ರಮಾಣವನ್ನು ರಕ್ತದಲ್ಲಿ ತಗ್ಗಿಸಬಲ್ಲದೆಂದೂ, ಇಂಥ ಕ್ಯಾಪ್ಸೂಲುಗಳಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ವರದಿಯಾಗಿವೆಯೆಂದೂ ತಿಳಿಸಿ, ಅಂದೇ ನಿಲ್ಲಿಸಲು ಹೇಳಿದರು. ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೆ ಅವರ ಅಡ್ಡಿಯಿರಲಿಲ್ಲ. ಅಪಾಯ ಕಡಿಮೆ ಮಾಡಿಕೊಳ್ಳಲೆಂದು ಈ ಡಬ್ಬಿ ಕೊಳ್ಳುವಂತೆ ನಾನು ಯಾರಿಗೂ ಹೇಳಲಾರೆ. ಬೇರೆ ಮಾತ್ರೆ ನುಂಗುವವರಂತೂ ವೈದ್ಯರನ್ನು ಕೇಳದೆ ಮುಟ್ಟಬಾರದು. ಉಳಿದ 41 ಕ್ಯಾಪ್ಸೂಲುಗಳನ್ನು ಅಂಗಡಿಯವರು ವಾಪಸು ಪಡೆಯಲಿಲ್ಲ, ‘ಡಬ್ಬಿ ಒಡೆದಾಗಿದೆ’ ಎಂದರು.