ಸೆರಗಿನ ಹಿಂಬದಿ: ಆನ್‌ಲೈನ್‌ನಲ್ಲಿ ಕಸೂತಿ ಮಾರಿದ ಮೂರು ವರ್ಷ

ಧಾರವಾಡದ ನಮ್ಮ ಮನೆಯಲ್ಲಿ ಅತ್ತೆಯವರೂ ಓಣಿಯ ನಾಲ್ವರು ಹೆಣ್ಣುಮಕ್ಕಳೂ ಕೈಯಿಂದ ಹಾಕುವ ಕಸೂತಿಯನ್ನು 2022ರಿಂದ ಒಂದು ದೊಡ್ಡ ಆನ್‌ಲೈನ್ ಮಾರಾಟ ತಾಣದಲ್ಲಿ ಮಾರುತ್ತಿದ್ದೇನೆ. ತಾಣದ ಹೆಸರು ಬೇಡ. ಮಾರುವವಳಾಗಿ ಐದಕ್ಕೆ ಮೂರು ಅಂಕ ಕೊಡುತ್ತೇನೆ, ಅದೂ ಸ್ವಲ್ಪ ಧಾರಾಳವಾಗಿ.

ಮೊದಲ ಆರು ತಿಂಗಳಲ್ಲಿ ಹೋದದ್ದು ಎರಡು ಸೀರೆ, ಒಂದು ದಿಂಬಿನ ಗವಸು. ಅಲ್ಲಿ ‘ಕಸೂತಿ’ ಎಂದು ಹುಡುಕಿದರೆ ಯಂತ್ರದ ಹೊಲಿಗೆ, ಅಚ್ಚು ಒತ್ತಿದ ಬಟ್ಟೆ ಎಲ್ಲವೂ ಒಂದೇ ಸಾಲಿನಲ್ಲಿ ಬರುತ್ತವೆ. ಗೋಪುರದ ಚಿತ್ತಾರವಿರುವ ಒಂಬೈನೂರು ರೂಪಾಯಿಯ ಸೀರೆಯ ಪಕ್ಕದಲ್ಲಿ ನಮ್ಮ ಒಂಬತ್ತು ಸಾವಿರದ ಗೋಪುರ! ಅಂಗೈಯಗಲದ ಫೋಟೊದಲ್ಲಿ ಎರಡೂ ಒಂದೇ. ಅಗ್ಗದ್ದನ್ನು ಕೊಂಡವರನ್ನು ಹೇಗೆ ದೂರಲಿ?

ದಾರಿ ತೋರಿಸಿದವರು ಅತ್ತೆ. ಒಮ್ಮೆ ಫೋಟೊ ತೆಗೆಯುತ್ತಿದ್ದಾಗ ಸೆರಗನ್ನು ಮಗುಚಿ ಹಾಕಿ, “ಇದನ್ನು ತೆಗೆ” ಎಂದರು. ಕಸೂತಿಯ ಗವಂತಿ, ಮುರಗಿ ಎಂಬ ಹೊಲಿಗೆಗಳಲ್ಲಿ ಗಂಟು ಹಾಕುವುದಿಲ್ಲ. ಹೋದ ದಾರಿಯಲ್ಲೇ ಸೂಜಿ ಮರಳಿ ಬಂದು ಬಿಟ್ಟ ಜಾಗವನ್ನು ತುಂಬುವುದರಿಂದ ಎರಡೂ ಬದಿ ಒಂದೇ ರೀತಿ ಕಾಣುತ್ತವೆ. ಯಂತ್ರದ ಕೆಲಸವನ್ನು ಮಗುಚಿದರೆ ದಾರದ ಗೋಜಲು. ಅಂದಿನಿಂದ ಎರಡನೆಯ ಚಿತ್ರ ಹಿಂಬದಿಯದು, ಮೂರನೆಯದು ಬಟ್ಟೆಯ ಎಳೆ ಎಣಿಸುತ್ತಿರುವ ಬೆರಳುಗಳದು. ಕಸೂತಿಯ ಇನ್ನೆರಡು ಹೊಲಿಗೆಗಳಾದ ನೇಗಿ, ಮೆಂತ್ಯೆಗಳ ಹಿಂಬದಿ ಹಾಗಿರುವುದಿಲ್ಲ ಎಂದೂ ವಿವರಣೆಯಲ್ಲಿ ಬರೆದೆ. ಇಲ್ಲದಿದ್ದರೆ ಅದಕ್ಕೂ ದೂರು ಬರುತ್ತಿತ್ತು. ಆ ವರ್ಷದ ದೀಪಾವಳಿಗೆ ಹನ್ನೊಂದು ಸೀರೆ ಹೋದವು.

ತಾಣದ ವ್ಯವಸ್ಥೆ ಮಾತ್ರ ಒಂದೇ ಅಚ್ಚಿನ ಸಾವಿರ ಸರಕು ಮಾರುವವರಿಗೆಂದೇ ಕಟ್ಟಿದ್ದು. ದಾಸ್ತಾನು ಎಷ್ಟು ಎಂದು ಕೇಳುತ್ತದೆ. ನನ್ನ ಉತ್ತರ ಯಾವಾಗಲೂ ‘ಒಂದು’. ಅದು ಮಾರಾಟವಾದರೆ ಪುಟವೂ ಮರೆಯಾಗುತ್ತದೆ, ಕೊಂಡವರು ಬರೆದ ನಾಲ್ಕು ಒಳ್ಳೆಯ ಮಾತುಗಳೂ ಅದರೊಂದಿಗೆ ಹೋಗುತ್ತವೆ. ಎರಡು ದಿನದೊಳಗೆ ಕಳುಹಿಸಬೇಕೆಂಬ ನಿಯಮ ಬೇರೆ. ತುಂಬು ಸೆರಗಿಗೆ ನಮಗೆ ಎರಡು ತಿಂಗಳು ಬೇಕು. ಹಾಗಾಗಿ ಸಿದ್ಧವಿರುವುದನ್ನು ಮಾತ್ರ ಅಲ್ಲಿ ಹಾಕುತ್ತೇನೆ, ಹೇಳಿ ಮಾಡಿಸಿಕೊಳ್ಳುವವರ ಕೆಲಸ ಫೋನಿನಲ್ಲೇ ನಡೆಯುತ್ತದೆ.

ಒಂದು ಚಂದ್ರಕಾಳಿ, ಅಂದರೆ ಕಸೂತಿ ಹಾಕಿದ ಕಪ್ಪು ಸೀರೆ, ‘ಚಿತ್ರದಲ್ಲಿರುವಂತಿಲ್ಲ’ ಎಂಬ ಕಾರಣದೊಂದಿಗೆ ಅರಿಶಿನದ ಕಲೆ ಹೊತ್ತು ವಾಪಸು ಬಂತು. ಯಾರದೋ ಮದುವೆ ಮುಗಿಸಿಕೊಂಡೇ ಬಂದಿರಬೇಕು. ಮೂರು ಬಾರಿ ಬರೆದೆ, ಮೂರೂ ಬಾರಿ ಅದೇ ಸಿದ್ಧ ಉತ್ತರ. ಹಣ ಬರಲಿಲ್ಲ. ಈಗ ಮಡಚಿ ಕಟ್ಟುವುದನ್ನೆಲ್ಲ ವಿಡಿಯೊ ಮಾಡಿಡುತ್ತೇನೆ. ಮುಂದಿನ ತಕರಾರಿನಲ್ಲಿ ಅದರಿಂದಲೇ ಗೆದ್ದೆ.

ಒಂಬತ್ತು ಸಾವಿರದ ಸೀರೆಯಲ್ಲಿ ಕಮಿಷನ್, ಸಾಗಣೆ ಕಳೆದು ನನ್ನ ಕೈಗೆ ಬರುವುದು ಏಳು ಸಾವಿರದ ಆಸುಪಾಸು. ಜಾಹೀರಾತಿಗೆ ಹಾಕಿದ್ದು ನೀರಿಗೆ ಹಾಕಿದಂತಾಯಿತು. ನಾನು ಸೇರುವಾಗ ಜಿಎಸ್‌ಟಿ ನೋಂದಣಿ ಇಲ್ಲದೆ ಆಗುತ್ತಿರಲಿಲ್ಲ. 2023ರ ಅಕ್ಟೋಬರ್‌ನಿಂದ ರಾಜ್ಯದೊಳಗೆ ಮಾತ್ರ ಮಾರುವ ಸಣ್ಣ ವ್ಯಾಪಾರಿಗಳಿಗೆ ವಿನಾಯಿತಿ ಇದೆ. ಇಂಥ ತಾಣದ ಮೂಲಕ ಹೊರರಾಜ್ಯಕ್ಕೆ ಮಾರಲು ನೋಂದಣಿ ಬೇಕೇ ಬೇಕು.

ಬಿಟ್ಟುಬಿಡಬೇಕೆಂದು ಎರಡು ಸಲ ಅಂದುಕೊಂಡೆ. ಆದರೆ ಫೋನಿನಲ್ಲಿ ಹೇಳಿ ಮಾಡಿಸಿಕೊಳ್ಳುವವರೂ ಮೊದಲು ನಮ್ಮನ್ನು ಕಂಡದ್ದು ಅಲ್ಲೇ. ಚಂದ್ರಕಾಳಿಯ ಕಪ್ಪು ಮಾತ್ರ ಇನ್ನೂ ನನ್ನ ಮೊಬೈಲಿಗೆ ಒಲಿದಿಲ್ಲ, ಬೂದಿ ಬಣ್ಣಕ್ಕೆ ತಿರುಗುತ್ತದೆ. ಬೆಳಗ್ಗೆ ಎಂಟರ ಬಿಸಿಲು ಅಂಗಳಕ್ಕೆ ಬಿದ್ದಾಗ ತೆಗೆದರೆ ಸ್ವಲ್ಪ ವಾಸಿ.