ಮತ್ಸುತಾಕೆ: ಜಪಾನಿನದು, ಚೀನಾದ್ದು, ಕೆನಡಾದ್ದು, ಜೊತೆಗೊಂದು ನಕಲಿ

ಮತ್ಸುತಾಕೆ ಅಣಬೆಗೆ ಕೊಡುವ ದುಡ್ಡೆಲ್ಲ ಘಮಕ್ಕೆ, ರುಚಿಗಲ್ಲ. ಇದನ್ನು ಜಪಾನಿನವರೇ ಒಪ್ಪುತ್ತಾರೆ. ಘಮಕ್ಕೆ ಮತ್ಸುತಾಕೆ, ರುಚಿಗೆ ಶಿಮೆಜಿ (ಅದು ಇನ್ನೊಂದು ಅಣಬೆ) ಅಂತ ಅವರಲ್ಲಿ ಗಾದೆಯೇ ಇದೆ. ಹಾಗಾಗಿ ಕ್ಯೋಟೋದಲ್ಲಿ ನಾನು ತಂದು ಬೇಯಿಸಿ ಹೋಲಿಸಿದ್ದು ಮುಖ್ಯವಾಗಿ ಮೂಗಿನಿಂದಲೇ.

ಮೊದಲು ಜಪಾನಿನದು. ಸೆಪ್ಟೆಂಬರ್ ಕೊನೆಗೆ ನಿಶಿಕಿ ಮಾರುಕಟ್ಟೆಯಲ್ಲಿ ಜರಿಗಿಡದ ಎಲೆ ಹಾಸಿದ ಬುಟ್ಟಿಗಳಲ್ಲಿ ಇಟ್ಟಿರುತ್ತಾರೆ. ನಾಗಾನೊ ಕಡೆಯದು, ತಾಂಬಾ ಕಡೆಯದು. ಎರಡು ಮೂರು ಅಣಬೆಯ ಬುಟ್ಟಿಗೆ 15,000 ಯೆನ್ ಕೇಳಿದರೂ ಅಂಗಡಿಯವರ ಮುಖದಲ್ಲಿ ಸಂಕೋಚ ಇರುವುದಿಲ್ಲ. ಕಾರಣ ಕಾಡಿನಲ್ಲಿದೆ. ಇದು ಜೀವಂತ ಕೆಂಪು ಪೈನ್ ಮರದ ಬೇರನ್ನು ನೆಚ್ಚಿಕೊಂಡು ಬೆಳೆಯುತ್ತದೆ. ಬಟನ್ ಅಣಬೆಯ ಹಾಗೆ ಶೆಡ್ಡಿನಲ್ಲಿ ಬೆಳೆಸಲು ಆಗುವುದಿಲ್ಲ. ಹಿಂದೆ ಹಳ್ಳಿಯವರು ಸೌದೆಗೆ, ಗೊಬ್ಬರಕ್ಕೆ ಅಂತ ಪೈನ್ ಕಾಡಿನ ತರಗೆಲೆ ಗುಡಿಸಿ ಒಯ್ಯುತ್ತಿದ್ದರು. ಆ ಬಡ ನೆಲವೇ ಇದಕ್ಕೆ ಬೇಕು. ಗ್ಯಾಸ್ ಬಂತು, ಗುಡಿಸುವವರು ಇಲ್ಲವಾದರು. ಅದರ ಮೇಲೆ ಮರಗಳನ್ನೇ ಒಣಗಿಸುವ ಹುಳದ ರೋಗ. 1941ರಲ್ಲಿ ಸುಮಾರು 12,000 ಟನ್ ಸಿಕ್ಕಿತ್ತು. ಈಗ ನೂರು ಟನ್ ದಾಟದ ವರ್ಷಗಳೇ ಜಾಸ್ತಿ.

ತೊಳೆಯಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಬುಡವನ್ನು ಪೆನ್ಸಿಲ್ ಹೆರೆದ ಹಾಗೆ ಹೆರೆದು, ಕೈಯಲ್ಲೇ ಉದ್ದಕ್ಕೆ ಸೀಳಿ, ತಂತಿ ಬಲೆಯ ಮೇಲೆ ಸುಟ್ಟೆ. ಉಪ್ಪು, ಎರಡು ಹನಿ ಸುದಾಚಿ ಎಂಬ ಪುಟ್ಟ ನಿಂಬೆಯ ಹುಳಿ, ಅಷ್ಟೇ. ಪೈನ್ ಅಂಟಿನ ವಾಸನೆ, ಒದ್ದೆ ಮಣ್ಣು, ಹಿಂದೆಲ್ಲೋ ದಾಲ್ಚಿನ್ನಿ. ಆ ದಾಲ್ಚಿನ್ನಿ ಕಲ್ಪನೆಯಲ್ಲ, ಮೀಥೈಲ್ ಸಿನಮೇಟ್ ಎನ್ನುವ ಅಂಶ ನಿಜಕ್ಕೂ ಇದರಲ್ಲಿದೆ. ಸುಟ್ಟು ತಿನ್ನುವುದಾದರೆ ಬೇರೆ ಯಾವುದೂ ಇದರ ಹತ್ತಿರ ಬರುವುದಿಲ್ಲ.

ಚೀನಾದ್ದು ಯುನ್ನಾನ್, ಸಿಚುವಾನ್ ಕಡೆಯಿಂದ ಬೇಸಿಗೆಯಲ್ಲೇ ಬರುತ್ತದೆ. ಸೂಪರ್ ಮಾರ್ಕೆಟ್ಟಿನಲ್ಲಿ ಒಂದು ಪ್ಯಾಕಿಗೆ 2,000 ಯೆನ್ ಆಸುಪಾಸು ಕೊಟ್ಟೆ. ಜಾತಿ ಅದೇ, ಆದರೆ ಘಮ ಅರ್ಧ. ಮಣ್ಣು ಅಂಟಿದ ಮಾಲನ್ನು ಜಪಾನ್ ಒಳಗೆ ಬಿಡುವುದಿಲ್ಲ. ಹಾಗಾಗಿ ಮೊದಲೇ ಚೊಕ್ಕ ಮಾಡಿ ಕಳಿಸುತ್ತಾರೆ, ಜೊತೆಗೆ ಪ್ರಯಾಣದ ದಿನಗಳು ಬೇರೆ. ಸುಟ್ಟಾಗ ಬರೀ ನಾರುನಾರು ಅನಿಸಿತು. ಅನ್ನಕ್ಕೆ ಹಾಕಿದಾಗ ಪರವಾಗಿಲ್ಲ.

ಕೆನಡಾದ ಬ್ರಿಟಿಷ್ ಕೊಲಂಬಿಯಾದಿಂದ ಬರುವುದು ಬೇರೆಯದೇ ಜಾತಿ. ಬಣ್ಣ ಬಿಳಿ. ನೋಡಲು ಅಸಲಿಯಂತಿಲ್ಲ ಅಂತ ಉಡುಗೊರೆಗೆ ಯಾರೂ ಕೊಳ್ಳುವುದಿಲ್ಲ, ನಮಗೆ ಅದೇ ಲಾಭ. ಘಮ ಸ್ವಲ್ಪ ಒರಟು, ಮಸಾಲೆ ಕಡೆಗೆ ವಾಲುತ್ತದೆ, ಆದರೆ ಗಟ್ಟಿಯಾಗಿದೆ. ಕೊಂಬು ಎನ್ನುವ ಕಡಲಪಾಚಿಯ ನೀರು, ಸೋಯಾ ಸಾಸ್, ಒಂಚೂರು ಸಾಕೆ ಎನ್ನುವ ಅಕ್ಕಿ ಮದ್ಯ ಹಾಕಿ ಅನ್ನದ ಜೊತೆ ಬೇಯಿಸಿದೆ. ಕುಕ್ಕರ್ ಮುಚ್ಚಳ ತೆಗೆದರೆ ಪಕ್ಕದ ಕೋಣೆಯವರು ಎದ್ದು ಬಂದರು. ಅನ್ನಕ್ಕೆ ನನ್ನ ಆಯ್ಕೆ ಇದೇ. ಜಪಾನಿನದನ್ನು ಅನ್ನಕ್ಕೆ ಹಾಕುವುದು ಸುಮ್ನೆ ದುಡ್ಡು ದಂಡ.

ಇನ್ನು ನಕಲಿ. ಎರಿಂಗಿ ಅಣಬೆಯನ್ನು ತೆಳ್ಳಗೆ ಹೆಚ್ಚಿ, ನಾಗಾತಾನಿಎನ್ ಕಂಪನಿ 1964ರಿಂದ ಮಾರುತ್ತಿರುವ ಮತ್ಸುತಾಕೆ ಪರಿಮಳದ ಸೂಪ್ ಪುಡಿ ಉದುರಿಸಿ ಅನ್ನಕ್ಕೆ ಹಾಕುವುದು. ಇಲ್ಲಿ ಎಷ್ಟೋ ಮನೆಗಳ ಉಪಾಯ ಇದು. ಮೊದಲ ತುತ್ತಿಗೆ ಮೋಸ ಹೋಗಬಹುದು. ಆಮೇಲೆ ಕೊನೆಯ ತುತ್ತಿನವರೆಗೂ ಒಂದೇ ವಾಸನೆ, ಏರಿಲ್ಲ ಇಳಿವಿಲ್ಲ. ಆದರೂ ವಾರದ ಮಧ್ಯೆ ಒಂದು ರಾತ್ರಿ ಊಟಕ್ಕೆ ಚೀನಾದ್ದಕ್ಕಿಂತ ಇದನ್ನೇ ಮಾಡಿಯೇನು! ಸಸ್ಯಾಹಾರಿಗಳು ಮಾತ್ರ ಪ್ಯಾಕೆಟ್ ಓದಿಯೇ ಕೊಳ್ಳಿ. ಜಪಾನಿನ ಸೂಪ್ ಪುಡಿಗಳಲ್ಲಿ ಮೀನಿನ ಸಾರ ಮಾಮೂಲು.

ಜಪಾನಿನದೇ ಬೇಕು, ಜೇಬು ಒಪ್ಪುತ್ತಿಲ್ಲ ಅಂದರೆ ಕೊಡೆ ಪೂರ್ತಿ ಅರಳಿದ ಅಣಬೆ ಕೇಳಿ. ಮೊಗ್ಗಿಗಿಂತ ಅಗ್ಗ, ಘಮ ಏನೂ ಕಡಿಮೆಯಿಲ್ಲ. ಉಳಿದರೆ ಒಂದೊಂದನ್ನೇ ಸುತ್ತಿ ಫ್ರೀಜರಿನಲ್ಲಿಡಿ. ಬಳಸುವಾಗ ಕರಗಲು ಬಿಡದೆ ನೇರ ಅಕ್ಕಿಗೆ ಹಾಕಿ.